ಎಡಗಾಲಿನದು

ಹತ್ತು ನಿಮಿಷ ಕೊಟ್ಟಿದ್ದೆವು ನಾವು,
ಲಿಸ್ಬನ್ನಿನ ಆ ಗಾಜಿನ ಕೋಣೆಯಲ್ಲಿ.
ದೊಮಿಂಗಾಸ್ ಸೆಮೇದು ಬಂದದ್ದು ರಾತ್ರಿಪಾಳಿ ಮುಗಿಸಿ,
ಕಣ್ಣ ಕೆಳಗೆ ನಿದ್ದೆ ಬಾಕಿ,
ಕೈಯಲ್ಲಿ ಮೀನಂಗಡಿಯ ಚೀಲ.
ಚೀಲದಿಂದ ತೆಗೆದದ್ದು
ಒಂದು ಜೊತೆ ಮನೆ ಚಪ್ಪಲಿ.

ಹಳೆಯ ತೂಕದ ಯಂತ್ರ ಬಿಚ್ಚಿ
ಅದರ ನರಗಳನ್ನು ಅಟ್ಟೆಯೊಳಗೆ ಹೊಲಿದಿದ್ದಾಳೆ.
ಕೇಪ್ ವರ್ಡೆಯಿಂದ ಬಂದು ಹದಿನೇಳು ವರ್ಷ
ಮುದುಕರನ್ನು ಎತ್ತಿ ಕೂರಿಸಿದ ಕೈ;
ಬೀಳುವ ಮೊದಲು ಮೈ ಎಲ್ಲಿ ಸುಳ್ಳಾಡುತ್ತದೆಂದು
ಆ ಕೈಗೆ ಗೊತ್ತು.
"ವಾಲಿದರೆ ನಡುಗುತ್ತದೆ, ಅಷ್ಟೇ" ಎಂದಳು.

ಮೊದಲು ಮೆಟ್ಟಿದವರು ಅದೇರಿತು,
ನಲವತ್ತು ವರ್ಷ ಟ್ರಾಮ್ ಓಡಿಸಿದವರು.
ಇಳಿಜಾರಿನಲ್ಲಿ ಪೆಡಲು ಹೀಗೇ
ಅಂಗಾಲಿನೊಡನೆ ಮಾತಾಡುತ್ತಿತ್ತಂತೆ.
ಈಗ ಬಚ್ಚಲಿಗೆ ಹೋಗುವಾಗಲೂ
ಬಾಯಲ್ಲೇ ಗಂಟೆ ಬಾರಿಸುತ್ತಾರಂತೆ.
ನಾವು ನಕ್ಕೆವು. ನಕ್ಕು,
ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳಿದೆವು.
ಪದವಿ? ಪಾಲುದಾರರು?
ಈ ಮೊದಲು ಯಾರಾದರೂ ಹಣ ಹಾಕಿದ್ದುಂಟೇ?
"ನನ್ನ ತಂಗಿ. ಹೊಲಿಗೆ ಯಂತ್ರ ಮಾರಿ."
ನನ್ನ ಮುಂದಿನ ಹಾಳೆಯಲ್ಲಿ
ಅದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಅವಳು ನನ್ನ ಪಾದದ ಬಳಿ ಕೂತಳು,
ಬೂಟಿನ ದಾರ ಬಿಚ್ಚಿದಳು, ಕೇಳದೆಯೇ,
ರಾತ್ರಿಯಿಡೀ ಅದನ್ನೇ ಮಾಡಿದವಳ ಹಾಗೆ.
ನಿಂತುಕೊಳ್ಳಿ ಎಂದಳು.
ನಿಂತೆ,
ಐವತ್ತೆಂಟರ ನಾನು, ನೆಟ್ಟಗೆ,
ಹಾಗೆಂದುಕೊಂಡು.

ಎಡಗಾಲಿನದು ನಡುಗತೊಡಗಿತು.

ಹತ್ತು ನಿಮಿಷ ಎಂದೋ ಮುಗಿದಿತ್ತು.
ಯಾರೂ ಹೇಳಲಿಲ್ಲ.