ಎರಡು ಕಡ್ಡಿ

ನಮ್ಮ ಮನೆಗೆ ಬಂಡೆಯೇ ಹಿತ್ತಲ ಗೋಡೆ.
ದುರ್ಗದ ಕೋಟೆ ಕಟ್ಟಿದವರು ಹೊರಗಿನವರು ಒಳಗೆ ಬರಬಾರದೆಂದು ಕಟ್ಟಿದರು,
ಬಂಡೆ ಇನ್ನೂ ಆ ಮಾತು ನಡೆಸುತ್ತಿದೆ.
ಟವರಿನ ಸಿಗ್ನಲ್ಲು ಬರುತ್ತದೆ, ಹಣೆ ಚಚ್ಚಿಕೊಳ್ಳುತ್ತದೆ,
ಹೊಳಲ್ಕೆರೆ ರಸ್ತೆ ಕಡೆಗೆ ವಾಪಸು ಹೋಗುತ್ತದೆ.
ಒಳಗೆ ಸಿಗುವುದು ಒಂದೇ ಜಾಗದಲ್ಲಿ,
ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲೆ: ಎರಡು ಕಡ್ಡಿ.

ಸಂಜೆ ನಾಲ್ಕಕ್ಕೆ ನನ್ನ ಕ್ಲಾಸು.
ಚಳ್ಳಕೆರೆಯ ಇಬ್ಬರು, ಹಿರಿಯೂರಿನ ಮೂವರು,
ಮೊಳಕಾಲ್ಮೂರಿನವಳೊಬ್ಬಳು, ಸದಾ ತೊಡೆ ಮೇಲೆ ಮಗು.
ಬ್ಲೌಸಿನ ಕಟಿಂಗು, ತಿಂಗಳಿಗೆ ಮುನ್ನೂರು.
ಮೊನ್ನೆ ಬಗಲಿನ ಸುತ್ತು ತೋರಿಸುವಾಗ
ಡ್ರಮ್ಮಿನ ಮೇಲೆ ನಾನು ನಿಂತುಹೋದೆನಂತೆ,
ಬಾಯಿ ಅರ್ಧ ತೆರೆದು, ಕತ್ತರಿ ಪೂರ್ತಿ ತೆರೆದು.
ಐದು ಜನ ಕಾದರು.
ಹಿರಿಯೂರಿನ ವನಜಾಕ್ಷಿ ಕಾಯಲಿಲ್ಲ.
ಅವಳ ಅತ್ತೆಯ ರೇಷ್ಮೆ ಕಣಕ್ಕೆ
ಈಗ ಒಂದು ಬಗಲು ಸೊಂಟದವರೆಗೆ.

ತಿಪ್ಪೇಶಿಗೆ ಗುಡ್ಡದ ಫ್ಯಾನುಗಳಲ್ಲಿ ಕೆಲಸ.
ಎಪ್ಪತ್ತು ಮೀಟರ್ ಮೇಲೆ ಕೂತು, ಗ್ರೀಸಿನ ಕೈಯಲ್ಲೇ ಫೋನು:
"ಇಲ್ಲಿ ಫುಲ್ ಐತೆ ಕಣೇ, ನಾಕಕ್ಕೆ ನಾಕು ಕಡ್ಡಿ.
ಗಾಳಿ ಡಬ್ಬಿ ತಗಳ್ಳಾಣ.
ಮೊಳೆ ಬ್ಯಾಡ, ಗ್ವಾಡಿಗೆ ತೂತು ಬ್ಯಾಡ, ಯಾರ ಹಂಗೂ ಬ್ಯಾಡ.
ಮನೆ ಬದಲಿಸಿದ್ರೆ ಚೀಲದಾಗೆ ಹಾಕ್ಕಂಡು ಹೋಗಬೋದು."
ಅವನ ನಾಲ್ಕು ಕಡ್ಡಿಯ ಮಾತು ನನ್ನ ಎರಡಕ್ಕೆ ಇಳಿಯುವಷ್ಟರಲ್ಲಿ
ಕೇಳಿಸಿದ್ದು ಇಷ್ಟು:
ಮೊಳೆ, ತೂತು, ಚೀಲ.

ಕೇಬಲ್ಲಿನ ಪಾಲಾಕ್ಷ ಬಂದ.
ಹೆಗಲಿಗೆ ತಂತಿ ಸುರುಳಿ, ಪ್ಯಾಂಟಿನ ಜೇಬಲ್ಲಿ ಇಕ್ಕಳ.
ಕಂಬ ನೋಡಿದ, ಕಿಟಕಿ ನೋಡಿದ, ನಡುವೆ
ಗೌಸಿಯಾಬಿಯ ತಾರಸಿ ನೋಡಿದ.
"ಅವರ ಮ್ಯಾಲೆ ಹಾದು ಬರಬೇಕಕ್ಕ. ಒಂದು ಮಾತು ಕೇಳಿಬಿಡಿ."

ಒಂದು ಮಾತು.
ಅದನ್ನು ನಾವಿಬ್ಬರೂ ಆಡಿ ಎರಡು ವರ್ಷವಾಗಿತ್ತು.
ಬಚ್ಚಲ ನೀರಿನ ಜಗಳ, ಯಾರದು ಯಾರ ಹೊಸಿಲಿಗೆ ಹರಿಯಿತೋ
ಈಗ ಆ ನೀರಿಗೂ ನೆನಪಿಲ್ಲ.

ರಾತ್ರಿ ಅಳತೆ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ,
ಯಾರದೋ ಎದೆ ಮೂವತ್ತಾರು, ತೋಳು ಹತ್ತರ ಪಕ್ಕ.
ಡಬ್ಬಿಗೆ ಆರು ನೂರು. ತಂತಿಗೆ ಐನೂರು, ಮೇಲೆ ತೆರಿಗೆ.
ಕರೆಂಟು ಹೋದರೆ ತಂತಿಯದೂ ಹೋಗುತ್ತದಂತೆ.
ಡಬ್ಬಿಯದೂ ಹೋಗುತ್ತದೆಂದು ತಿಪ್ಪೇಶಿ ಹೇಳಿರಲಿಲ್ಲ.
ಗಾಳಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಸರಿ.
ಅದು ನಿಂತ ದಿನ ನಾನು ಯಾರ ಬಾಗಿಲು ಬಡಿಯಲಿ?
ನಾನು ದಾರದವಳು. ತುದಿ ಸಿಕ್ಕರೆ
ಎಂಥ ಸಿಕ್ಕನ್ನಾದರೂ ಕೂತು ಬಿಡಿಸುತ್ತೇನೆ.

ಬೆಳಿಗ್ಗೆ ಹೋದೆ. ಕೈಯಲ್ಲಿ ಏನೂ ಒಯ್ಯಲಿಲ್ಲ.
ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು.
"ತಂತಿ..." ಅಂದೆ.
"ಬಟ್ಟೆ ಒಣಗೋ ಕಡೆ ಬ್ಯಾಡ,
ಟ್ಯಾಂಕಿನ ಕಡೆಯಿಂದ ಎಳೀಲಿ."
ಅಷ್ಟೇ. ಬಾಗಿಲು ಹಾಕಿಕೊಂಡಳು.
ಪೂರ್ತಿ ಹಾಕಿರಲಿಲ್ಲ.

ಒಂಬತ್ತು ದಿನ ಚಿತ್ರ ಕದಲಲಿಲ್ಲ.
ವನಜಾಕ್ಷಿಯ ಗೋಡೆ ಹಸಿರು ಬಣ್ಣದ್ದೆಂದು ಗೊತ್ತಾಯಿತು.
ಮೊಳಕಾಲ್ಮೂರಿನ ಮಗುವಿಗೆ ಕೆಳಗೆ ಎರಡು ಹಲ್ಲು.
ಹತ್ತನೇ ದಿನ ಕೋಟೆಯಿಂದ ಒಂದು ಮುಸಿಯ ಇಳಿದು ಬಂತು.
ಅದಕ್ಕೆ ಕಂಬದಿಂದ ಟ್ಯಾಂಕಿಗೆ ಹೊಸ ಬಳ್ಳಿ ಕಂಡಿರಬೇಕು.
ತೂಗಿತು. ಇನ್ನೊಂದು ಬಂದು ಅದೂ ತೂಗಿತು.

ಕತ್ತರಿ ಮತ್ತೆ ಬಾಯಿ ತೆರೆದು ನಿಂತಿತು.
ಮೇಲಿನಿಂದ ಕೂಗು:
"ಏ ನಾಗವೇಣಿ! ನಿನ್ನ ನೆಟ್ಟು
ನನ್ನ ಟ್ಯಾಂಕಿನ ಮ್ಯಾಲೆ ಬಿದ್ದೈತೆ ನೋಡೇ!"
ಓಡಿ ಹೋಗಿ ನೋಡಿದರೆ
ತುಂಡಾದ ತುದಿಯನ್ನು ನೆನೆಯದ ಹಾಗೆ ಎತ್ತಿ ಹಿಡಿದಿದ್ದಾಳೆ,
ಇನ್ನೊಂದು ಕೈಯಲ್ಲಿ ಕೋತಿಗೆ ಪೊರಕೆ.
ಪಾಲಾಕ್ಷ ಆರಕ್ಕೆ ಬರುತ್ತಾನೆ ಅಂದೆ.
"ಬರಲಿ, ಹಿಡ್ಕಂಡಿರ್ತೀನಿ" ಅಂದಳು,
ಹಿಡಿದುಕೊಂಡರೆ ಹರಿಯುತ್ತದೆ ಅನ್ನುವ ಹಾಗೆ.

ಒಳಗೆ ಬಂದು ಫೋನನ್ನು ಡ್ರಮ್ಮಿನ ಮೇಲಿಟ್ಟೆ.
ಎರಡು ಕಡ್ಡಿ.
"ಬಗಲಿನ ಸುತ್ತು," ಎಂದೆ, "ಮೊದಲಿಂದ.
ವನಜಾಕ್ಷಿ, ನೀನು ಕತ್ತರಿ ಕೆಳಗಿಡು."