ಎಡ ಅಂಚು

ವರ್ಲಿನ್ ಸ್ಟಾಕಿ ಆಟ ಕಲಿತದ್ದು ಹುಲ್ಲಿನ ಮೇಲಲ್ಲ.
ಕ್ಯಾನ್ಸಾಸ್‌ನ ಪಡುವಣ ತುದಿ, ಬಕ್ನರ್ ಎಂಬ ಊರು;
ಕುಡಿಯುವ ನೀರಿಗೇ ಅಳತೆ, ಹುಲ್ಲಿಗೆ ಕೊಡುವವರ್ಯಾರು?
ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಕಲಸಿದ ಮರಳೇ ಅಲ್ಲಿ ಗ್ರೀನು.
ಆಡಿ ಮುಗಿಸಿದವನು ಕಾರ್ಪೆಟ್ಟಿನ ತುಂಡಿಗೆ ಹಗ್ಗ ಕಟ್ಟಿ ಎಳೆದು
ತನ್ನ ಹೆಜ್ಜೆ ತಾನೇ ಅಳಿಸಿ ಹೋಗಬೇಕು.
ಎಷ್ಟೋ ವರ್ಷದ ಮೇಲೂ ಅವನ ಬೂಟಿನಲ್ಲಿ
ಆ ಎಣ್ಣೆಯ ವಾಸನೆ ಇತ್ತು ಅಂದರೆ ನೀವು ನಂಬುವುದಿಲ್ಲ.
ನಂಬಬೇಡಿ. ಚೀಲ ಹೊತ್ತವನು ನಾನು.

ಹದಿನಾಲ್ಕು ಕೋಲು, ಒಂದು ಕೊಡೆ, ಒದ್ದೆ ಟವಲು,
ಅವನು ತಿನ್ನದೆ ಉಳಿಸಿದ ಬಾಳೆಹಣ್ಣು.
ಹನ್ನೊಂದು ವರ್ಷ, ಒಂದೇ ಸ್ಟೇಷನ್ ವ್ಯಾಗನ್.
ಸೋಮವಾರ ಅರ್ಹತಾ ಸುತ್ತು: ನೂರು ಜನ, ನಾಲ್ಕು ಜಾಗ.
ಸಿಕ್ಕರೆ ಭಾನುವಾರದವರೆಗೆ ಬಿಸಿ ಊಟ,
ಸಿಗದಿದ್ದರೆ ಅವತ್ತೇ ರಾತ್ರಿ ಆರುನೂರು ಮೈಲಿ.
ಶ್ರೀವ್‌ಪೋರ್ಟ್, ಟಲ್ಲಹಾಸಿ, ಮೊಬೀಲ್...
ಊರುಗಳೆಂದರೆ ನನಗೆ ಮೋಟೆಲಿನ ನಲ್ಲಿನೀರಿನ ರುಚಿ.
ಅವನ ಹೆಂಡತಿ ಆರ್ಲೀನ್ ಖರ್ಚು ಬರೆಯುತ್ತಿದ್ದಳು
ಸ್ಕೋರ್ ಕಾರ್ಡಿನ ಬೆನ್ನಿಗೆ, ಅದೇ ಗಿಡ್ಡ ಪೆನ್ಸಿಲ್ಲಿನಲ್ಲಿ:
ಪೆಟ್ರೋಲು, ಮೊಟ್ಟೆ,
ಕ್ಲೋವಿಸ್‌ಗೆ ಇಪ್ಪತ್ತು ಡಾಲರ್, ಬಾಕಿ.

ಗಾಳಿಯ ನಾಡಿನವನು; ಚೆಂಡನ್ನು ಎತ್ತಿ ಹೊಡೆಯಲೊಲ್ಲ.
ನೆಲದ ಕಿವಿಗೆ ಗುಟ್ಟು ಹೇಳಿಕೊಂಡು ಹೋಗುತ್ತಿತ್ತು ಅದು.
ಟೀವಿ ಕ್ಯಾಮೆರಾ ಇನ್ನೂ ಆಕಾಶದಲ್ಲಿ ಹುಡುಕುತ್ತಿರುವಾಗಲೇ
ಚೆಂಡು ಗ್ರೀನಿನ ಮೇಲೆ ಕೂತು ದಣಿವಾರಿಸಿಕೊಂಡಿರುತ್ತಿತ್ತು.

ಆಮೇಲೆ ಆ ಭಾನುವಾರ.
ಓಹಾಯೋ, ಎಪ್ಪತ್ತೊಂಬತ್ತು, ಹದಿನೆಂಟನೆಯ ಕುಳಿ.
ಅರ್ಧ ಮಾರು ದೂರ. ಬಿದ್ದರೆ ಗೆಲುವು.
ಚೆಂಡು ಕುಳಿಯ ತುಟಿಗುಂಟ ಪೂರ್ತಿ ಒಂದು ಸುತ್ತು ಬಂದು
ಹೊರಗೇ ನಿಂತಿತು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದು
ಅವತ್ತು ಗಾದೆಯಲ್ಲ,
ನಾಲ್ಕು ಸಾವಿರ ಜನ ಕಣ್ಣಾರೆ ಕಂಡ ಸಂಗತಿ.

ಕೈ ನಡುಗಿತು ಎಂದು ಬರೆದರು.
ಬರೆದೂ ಬರೆದೂ ಅದು ನಿಜವಾಯಿತು.
ಮರುವರ್ಷ ಗೇಣುದ್ದಕ್ಕೂ ಬೆರಳು ತೊದಲತೊಡಗಿದವು.
ಎಡಗೈ ಕೆಳಗಿಟ್ಟು ಹಿಡಿದ. ಕಣ್ಣು ಮುಚ್ಚಿ ಹೊಡೆದ.
ತುಲ್ಸಾದ ವೈದ್ಯನೊಬ್ಬ ಹೇಳಿದನೆಂದು
ಎರಡು ವಾರ ಎಡಗೈಯಲ್ಲೇ ಸೂಪು ಕುಡಿದ, ಅಂಗಿಗೆಲ್ಲ ಚೆಲ್ಲಿಕೊಂಡು.
ಅವನಿಗೆ ಕೈಕೊಟ್ಟದ್ದು ಅವನ ಕೈಗಳೇ
ಎಂದು ಆರ್ಲೀನ್ ಕೂಡ ನಂಬಿದಳು,
ನಂಬಿಕೊಂಡೇ ಹೋದಳು, ಹೋದ ಚಳಿಗಾಲ.

ನಾನು ಹೇಳಲಿಲ್ಲ.
ಅವತ್ತು ಅವನು ನನ್ನ ಕಡೆ ತಿರುಗಿ ‘ಎಲ್ಲಿಗೆ?’ ಎಂದ.
ಬಗ್ಗಿ ನೋಡಿದೆ. ಕಣ್ಣಿಗೆ ಬಿಸಿಲು.
ತಲೆಯೊಳಗೆ, ನನ್ನ ಪಾಲಿನ ದುಡ್ಡಿಗೆ
ಅಮ್ಮನಿಗೆ ಕೊಳ್ಳುವ ಫ್ರಿಜ್ಜಿನ ಬಣ್ಣ.
‘ಎಡ ಅಂಚು’ ಅಂದೆ.
ನೆಲ ಎತ್ತಲೂ ವಾಲಿರಲಿಲ್ಲ. ನೇರ ಇತ್ತು.
ಅವನು ಎಡ ಅಂಚಿಗೇ ಹೊಡೆದ,
ಕೂದಲೆಳೆಯಷ್ಟೂ ತಪ್ಪದೆ.

ಈಗ ಸಲೀನಾದ ಮುನಿಸಿಪಲ್ ಮೈದಾನದಲ್ಲಿ ಕುಳಿ ತೋಡುವ ಕೆಲಸ ಅವನದು.
ಕಣ್ಣಿನ ಪೊರೆ ತೆಗೆಸಿಕೊಂಡವನೇ ಬಸ್ಸು ಹತ್ತಿ ಬಂದೆ.
ಬೆಳಗಿನ ಐದು ಗಂಟೆ, ಮಂಜು ಇನ್ನೂ ಹುಲ್ಲು ಬಿಟ್ಟಿರಲಿಲ್ಲ.
ಕಬ್ಬಿಣದ ಕೊಳವೆ ಒತ್ತಿ, ತಿರುವಿ,
ಮೊಳದ ಮಣ್ಣನ್ನು ಇಡಿಯಾಗಿ ಎತ್ತಿ
ಹಳೆಯ ಕುಳಿಗೆ ತುಂಬಿದ.
ದಿನಾ ಜಾಗ ಬದಲಿಸಬೇಕಂತೆ,
ಇಲ್ಲದಿದ್ದರೆ ಒಂದೇ ಕಡೆ ತುಳಿದು ಹುಲ್ಲು ಸಾಯುತ್ತದಂತೆ.
ಇವತ್ತು ಮಂಗಳವಾರ, ಅಜ್ಜಿಯರ ಪಂದ್ಯ,
ಅದಕ್ಕೇ ಸಮನೆಲದಲ್ಲಿ ತೋಡಿದ್ದಾನೆ.
ಆ ಕೈ, ನೋಡಿದೆ, ನಡುಗಲಿಲ್ಲ.

ಹೇಳಿದೆ. ನಿಂತಲ್ಲೇ, ಪೂರ್ತಿ, ಫ್ರಿಜ್ಜಿನ ಬಣ್ಣದ ಸಮೇತ.

ಅವನು ಕೊಳವೆಯ ಅಂಚಿನ ಮಣ್ಣು ಒರೆಸಿದ.
ಬಹಳ ಹೊತ್ತು ಒರೆಸಿದ.
ಆಮೇಲೆ ನನ್ನ ಬೂಟು ನೋಡಿ,
‘ನಿನ್ನೆಯ ಕುಳಿಯ ಮೇಲೆ ನಿಂತಿದ್ದೀಯ, ಕ್ಲೋವಿಸ್’ ಎಂದ.
ಸರಿಯಲು ಹೋದೆ.
‘ಇರು, ಅಲ್ಲೇ ಇರು.
ನಿನ್ನ ಭಾರಕ್ಕೆ ಸಮ ಆಗಲಿ.’