ನಿಬಂಧನೆ ಏಳು

ಸ್ಥಳ ತನಿಖೆಗೆ ನಾವು ಹೋದದ್ದು ಇಳಿತದ ಹೊತ್ತು.
ಕೂಳೂರಿನ ಕಾಂಡ್ಲಾ ಬೇರುಗಳು ಬೆತ್ತಲೆ,
ಟೇಪಿನ ತುದಿ ಹಿಡಿದು ನಾನು ಕೆಸರಲ್ಲಿ.
‘ನೀರಿಲ್ಲ’ ಎಂದರು ಸಾಹೇಬರು. ಬರೆದುಕೊಂಡೆ.

ಮರುವಾಯಿ ಹೆಕ್ಕುತ್ತಿದ್ದ ಸೇಸಮ್ಮ
ತಲೆ ಎತ್ತದೆ ಅಂದಳು:
‘ಮೂರು ಗಂಟೆಗೆ ಬನ್ನಿ ಮಾರಾಯ್ರೆ,
ನೀವು ನಿಂತಲ್ಲಿ ಎದೆಮಟ್ಟ.’

ಮೂರು ಗಂಟೆಗೆ ನಮಗೆ ಮೀಟಿಂಗು.

ಈಗ ಕಡತ ನನ್ನ ಮೇಜಿನಲ್ಲಿ,
ಶೂವಿನೊಳಗೆ ಕೆಸರು ಇನ್ನೂ ಹಸಿ.
ನಿಬಂಧನೆ ಏಳು, ಹಳೆಯ ಆದೇಶದಿಂದ ಎತ್ತಿದ್ದು:
‘ಶಾಂಭವಿಯ ಸಹಜ ಹರಿವಿಗೆ ತಡೆಯಾಗತಕ್ಕದ್ದಲ್ಲ.’
ಶಾಂಭವಿ ಅಳಿಸಿ
ಫಲ್ಗುಣಿ ಎಂದು ಟೈಪಿಸಿದೆ.

ಮೊಹರಿನ ಪ್ಯಾಡು ಒಣಗಿತ್ತು.
ಬಾಟಲಿಯಿಂದ ನಾಲ್ಕು ಹನಿ ಬಿಟ್ಟೆ.
ನೇರಳೆ ಬಣ್ಣ ಹರಡಿತು ಮೆಲ್ಲ,
ಗೆರೆ ದಾಟಿ,
ಸಾಹೇಬರ ಸಹಿಯವರೆಗೆ.